ಮಾರಿಯಮ್ಮ ಯಾವ ಕಪಾಟಿನಲ್ಲಿ?

ಪುಸ್ತಕದ ಹೆಸರು ಮರೆತುಹೋಗಿತ್ತು. ಬರೆದವರು ಹೊರದೇಶದ ಹೆಣ್ಣುಮಗಳು ಎಂಬುದು ನೆನಪಿತ್ತು. ತಮಿಳುನಾಡಿನ ಕಾಂಗೇಯದ ಆಸುಪಾಸಿನ ಒಂದು ಹಳ್ಳಿಯ ನಕ್ಷೆ, ಅದರಲ್ಲಿ ಗುಡಿಗಳ ಗುರುತು, ಮಾರಿಯಮ್ಮನ ಹಬ್ಬ, ಇಷ್ಟೇ ಉಳಿದಿದ್ದವು. ಗ್ರಾಮದೇವತೆಗಳ ಪುಸ್ತಕ ಎಂದು ಕೇಳಿದಲ್ಲೆಲ್ಲ ಮುಂದಿಟ್ಟದ್ದು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರ 1916ರ ಗ್ರಂಥ. ಮೈಸೂರಿನ ಬಿಸಿಲು ಮಾರಿಯಿಂದ ತಮಿಳುನಾಡಿನ ಅಯ್ಯನಾರ್‌ವರೆಗೆ ಹೆಸರು, ಬಲಿ, ಆಚರಣೆ ಎಲ್ಲ ಅದರಲ್ಲಿವೆ. ದೇವರುಗಳು ಸಾಲಾಗಿ ನಿಂತಿದ್ದಾರೆ. ಅವರ ಊರು ಮಾತ್ರ ಕಾಣುವುದಿಲ್ಲ.

ನಾನು ಹುಡುಕುತ್ತಿದ್ದದ್ದು ಬ್ರೆಂಡಾ ಬೆಕ್ ಅವರ ‘ಪೆಸೆಂಟ್ ಸೊಸೈಟಿ ಇನ್ ಕೊಂಕು’. ಪ್ರಕಟವಾದದ್ದು 1972ರಲ್ಲಿ. ಶೀರ್ಷಿಕೆಯಲ್ಲಿ ದೇವರೂ ಇಲ್ಲ, ಧರ್ಮವೂ ಇಲ್ಲ; ಇರುವುದು ಕೊಂಗುನಾಡಿನ ಒಕ್ಕಲು ಸಮಾಜ, ಬಲಗೈ ಎಡಗೈ ಎಂದು ಇಬ್ಭಾಗವಾದ ಅಲ್ಲಿನ ಜಾತಿಗಳು. ಕಾಂಗೇಯ ಈಗ ತಿರುಪ್ಪೂರು ಜಿಲ್ಲೆಯಲ್ಲಿದೆ, ಆದರೆ ತಿರುಪ್ಪೂರು ಎಂದು ಹುಡುಕಿದರೂ ಸಿಗುವಂಥದ್ದಲ್ಲ. ಬೆಕ್ ಆ ನಕ್ಷೆಯ ಹಳ್ಳಿಯಾದ ಓಲಪಾಳಯದಲ್ಲಿ ನೆಲೆಸಿದ್ದ 1960ರ ದಶಕದಲ್ಲಿ ಅದು ಕೊಯಮತ್ತೂರು ಜಿಲ್ಲೆ. 1979ರಲ್ಲಿ ಆ ಸೀಮೆ ಪೆರಿಯಾರ್ ಜಿಲ್ಲೆಗೆ ಸೇರಿತು, ಅದೇ ಮುಂದೆ ಈರೋಡ್ ಆಯಿತು. ತಿರುಪ್ಪೂರು ಜಿಲ್ಲೆ ಹುಟ್ಟಿದ್ದು 2009ರಲ್ಲಿ.

ಪುಸ್ತಕ ನಾಡಿನಿಂದ ಗ್ರಾಮಕ್ಕೆ, ಗ್ರಾಮದಿಂದ ಅದರೊಳಗಿನ ಒಂದು ಊರಿಗೆ, ಊರಿನಿಂದ ಮನೆಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಗುಡಿಯಿದೆ, ಹಬ್ಬವಿದೆ, ಯಾರು ಯಾರ ಮನೆಯಲ್ಲಿ ಉಣ್ಣಬಹುದು ಎಂಬ ಕಟ್ಟುನಿಟ್ಟಿದೆ. ಧರ್ಮ ಇಲ್ಲಿ ಬದುಕಿನಿಂದ ಬೇರೆಯಾಗಿ ನಿಲ್ಲುವುದಿಲ್ಲ. ಹೀಗಾಗಿ ಧರ್ಮದ ಕಪಾಟಿನಲ್ಲಿ ಪುಸ್ತಕ ಇರದಿದ್ದದ್ದು ಸರಿಯೇ ಎನಿಸಿತು. ಅದೇ ಸೀಮೆಯ ಕಣ್ಣಪುರದ ಮಾರಿಯಮ್ಮನ ಹಬ್ಬವನ್ನೇ ನೋಡಿ. ಕೊಂಗಿನ ಮಾರಿಹಬ್ಬದಲ್ಲಿ ಮೂರು ಕವಲಿನ ಮರದ ಕಂಬ ನೆಡುತ್ತಾರೆ. ಅದು ಅಮ್ಮನ ಗಂಡ. ನೀರೆರೆದು, ಸುತ್ತ ಕುಣಿದು, ಕೊನೆಗೆ ಕಿತ್ತು ನೀರಿಗೆ ಬಿಡುತ್ತಾರೆ. ಕಣ್ಣಪುರದಲ್ಲಿ ಅದೇ ಹೊತ್ತಿಗೆ ಕಾಂಗೇಯಂ ತಳಿಯ ದನಗಳ ಜಾತ್ರೆ. ಹೋರಿಯ ಬೆಲೆ ಕುದುರಿಸುವವನು ಅಮ್ಮನಿಗೆ ಕೈಮುಗಿಯಲೂ ಬಂದವನು. ಅವನ ನಡೆಯಲ್ಲಿ ವ್ಯಾಪಾರ ಎಲ್ಲಿ ಮುಗಿದು ಭಕ್ತಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವವರು ನಾವು, ಓದಿದವರು. ‘ಜನಪದ ಧರ್ಮ’ ಎಂಬ ವಿಭಾಗವೂ ನಮ್ಮದೇ ಅನುಕೂಲಕ್ಕೆ ಆದದ್ದು.

ನನ್ನ ಅರ್ಧ ನೆನಪಿನಲ್ಲಿ ಉಳಿದದ್ದು ಜಾತಿಗಳ ಪಟ್ಟಿಯಲ್ಲ, ನಕ್ಷೆ ಮತ್ತು ಹಬ್ಬ. ಪುಸ್ತಕದ ಹುರುಳನ್ನು ನೆನಪು ಹಿಡಿದಿಟ್ಟುಕೊಂಡಿತ್ತು, ಕಳಕೊಂಡದ್ದು ಹೊದಿಕೆಯನ್ನಷ್ಟೇ.

ಈ ಕೊಂಗು ಸೀಮೆಯಲ್ಲಿ ಕನ್ನಡ ಆಡುವ ನೇಕಾರರಾದ ದೇವಾಂಗರೂ ಇದ್ದಾರೆ. ತಮ್ಮ ದೇವತೆ ಚೌಡೇಶ್ವರಿಯನ್ನು ಕರೆತರುವಾಗ ಅವರ ಗಂಡುಮಕ್ಕಳು ಕತ್ತಿಯಿಂದ ಎದೆಗೆ, ತೋಳಿಗೆ ಹೊಡೆದುಕೊಂಡು ಮುಂದೆ ನಡೆಯುತ್ತಾರೆ. ಆ ಕತ್ತಿಯೊಂದನ್ನೇ ವರ್ಣಿಸಿದರೆ ವೈಟ್‌ಹೆಡ್‌ರ ಸಾಲಿಗೆ ಇನ್ನೊಂದು ದೇವರು ಸೇರಿದಂತಾಗುತ್ತದೆ. ಮಗ್ಗ, ನೂಲಿನ ಬೆಲೆ, ಮನೆಯೊಳಗಿನ ಕನ್ನಡ, ಬೀದಿಯ ತಮಿಳು, ಹೆಣ್ಣು ಕೊಟ್ಟು ತಂದ ಊರುಗಳು, ಇವುಗಳ ನಡುವೆ ಚೌಡಮ್ಮ ಎಲ್ಲಿ ಕೂತಿದ್ದಾಳೆ ಎಂದು ಒಬ್ಬರು ಆ ಬೀದಿಯಲ್ಲಿ ವರ್ಷಗಟ್ಟಲೆ ಇದ್ದು ಕನ್ನಡದಲ್ಲಿ ಬರೆಯಲಿ ಎಂಬುದು ನನ್ನ ಆಸೆ.