ಉಸ್ಮಾನಿಯಾದ ಕಪಾಟಿನಲ್ಲಿ ಉಳಿದ ಕನ್ನಡ

ಕಂಪ್ಯೂಟರಿನ ಪರದೆಯ ಮೇಲೆ ಪುಸ್ತಕ ತೆರೆದರೆ ಮೊದಲು ಕಾಣುವುದು ಅದರ ಹೆಸರಲ್ಲ. ಬಿಳಿ ಹಾಳೆಯ ನಡುವೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಟೈಟ್ ಬೈಂಡಿಂಗ್ ಬುಕ್' ಎಂದಿರುತ್ತದೆ. ಇನ್ನೊಂದು ಪುಸ್ತಕ ತೆರೆದರೆ 'ಡ್ಯಾಮೇಜ್ ಬುಕ್'. ಮತ್ತೊಂದರಲ್ಲಿ 'ಪೇಜಸ್ ಮಿಸ್ಸಿಂಗ್'. ಮುಂದೆ 'ಯುನಿವರ್ಸಲ್ ಲೈಬ್ರರಿ' ಎಂಬ ಪುಟ, ಅದರಲ್ಲಿ ಬಾರ್‌ಕೋಡ್, 'ಓಯು' ಎಂದು ಶುರುವಾಗುವ ಸಂಖ್ಯೆ. ಆಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ಚೀಟಿ. ಕಾಲ್ ನಂಬರ್, ಅಕ್ಸೆಷನ್ ನಂಬರ್, ಲೇಖಕ, ಶೀರ್ಷಿಕೆ, ಎಲ್ಲವೂ ಪೆನ್ನಿನಲ್ಲಿ ತುಂಬಿದ್ದು. ಕೆಳಗೆ, ಕೊನೆಯ ಮುದ್ರೆಯ ದಿನಾಂಕದೊಳಗೆ ಪುಸ್ತಕ ಹಿಂತಿರುಗಿಸಬೇಕೆಂಬ ಸೂಚನೆ. ಕಾಲ್ ನಂಬರಿನ ಮೊದಲ ಅಕ್ಷರ ಕೆ. ಕೆ ಎಂದರೆ ಕನ್ನಡ.

ಹಳೆಯ ನಾಟಕವೊಂದನ್ನು ಹುಡುಕುತ್ತಾ ನಾನು ಈ ಚೀಟಿಯ ಮುಂದೆ ಬಂದು ನಿಂತೆ. ನಮ್ಮೂರಿನ ಗ್ರಂಥಾಲಯವೊಂದರಲ್ಲಿ ಅದರ ಕಾರ್ಡ್ ಇತ್ತು, ಪುಸ್ತಕ ಇರಲಿಲ್ಲ. ಪ್ರಕಾಶಕರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕೊನೆಗೆ ಅದು ಸಿಕ್ಕಿದ್ದು ಹೈದರಾಬಾದಿನ ಪ್ರತಿಯಲ್ಲಿ. ಒಳ ಅಂಚಿನ ಎರಡು ಮೂರು ಅಕ್ಷರಗಳು ಹೊಲಿಗೆಯೊಳಗೆ ಹೂತುಹೋಗಿದ್ದವು, ಊಹಿಸಿಕೊಂಡು ಓದಬೇಕಾಯಿತು. ಓದಿ ಮುಗಿಸಿದೆ. ಆಮೇಲೆ ಲೇಖಕರು ಎಂದು ತೀರಿಕೊಂಡರೆಂದು ಹುಡುಕಿದೆ. ಕಾನೂನಿನ ಲೆಕ್ಕದಲ್ಲಿ ಆ ಪುಸ್ತಕದ ಹಕ್ಕು ಇನ್ನೂ ಅವರ ಮನೆಯವರದೇ ಆಗಿತ್ತು. ಈ ಪ್ರಕರಣವನ್ನು ಬಿಚ್ಚಿ ನೋಡಬೇಕೆನಿಸಿದ್ದು ಆಗ.

ಕನ್ನಡ ಪುಸ್ತಕಗಳು ಹೈದರಾಬಾದಿಗೆ ಹೋದ ಕಾರಣ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ ವಿಶ್ವವಿದ್ಯಾಲಯ ಎಂದರೆ ಉಸ್ಮಾನಿಯಾ ಒಂದೇ. 1918ರಲ್ಲಿ ಶುರುವಾದ ಅದರ ಬೋಧನಾ ಭಾಷೆ ಉರ್ದು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು, ಹೀಗೆ ಓದಿದ ತಲೆಮಾರು ಅದು. ಅಲ್ಲಿ ಕನ್ನಡ ಕಲಿಸಿದವರಲ್ಲಿ ಡಿ.ಕೆ. ಭೀಮಸೇನರಾಯರ ಹೆಸರು ಇಂದಿಗೂ ಕೇಳುತ್ತದೆ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಎದ್ದಿತು, ನೃಪತುಂಗನ ಹೆಸರಿನ ಶಾಲೆ ನಡೆಯಿತು. ಧಾರವಾಡ, ಬೆಂಗಳೂರು, ಮೈಸೂರುಗಳಲ್ಲಿ ಅಚ್ಚಾದ ಪುಸ್ತಕಗಳು ರೈಲು ಹತ್ತಿ ಆ ಗ್ರಂಥಾಲಯ ಸೇರಿದವು. 1956ರ ನವೆಂಬರ್ 1ರಂದು ಮೂರು ಜಿಲ್ಲೆಗಳೂ ಮೈಸೂರು ರಾಜ್ಯಕ್ಕೆ ಬಂದವು. ಜನ ಈಚೆಯವರಾದರು, ಪುಸ್ತಕಗಳು ಆಚೆ ಉಳಿದವು. ಕಲಬುರಗಿಗೆ ಅದರದೇ ವಿಶ್ವವಿದ್ಯಾಲಯ ಸಿಕ್ಕಿದ್ದು 1980ರಲ್ಲಿ. ಉಸ್ಮಾನಿಯಾದವರು ಆ ಪುಸ್ತಕಗಳನ್ನು ಬೇರೆ ರಾಜ್ಯದ ಸರಕೆಂದು ರದ್ದಿಗೆ ಹಾಕಲಿಲ್ಲ. ಇದಕ್ಕೆ ನಾವು ಋಣಿಗಳು.

ಮುಂದಿನ ಕಥೆಯೂ ಹೈದರಾಬಾದಿನಲ್ಲೇ ನಡೆಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ರಾಜ್ ರೆಡ್ಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಗತ್ತಿಗೆಲ್ಲ ಉಚಿತವಾಗಿ ಕೊಡುವ ಯೋಜನೆ ಕಟ್ಟಿದರು. ಭಾರತದಲ್ಲಿ ಅದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಮನ್ವಯ ವಹಿಸಿಕೊಂಡಿತು, 2003ರಲ್ಲಿ ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ಹೈದರಾಬಾದಿನ ಐಐಐಟಿ ಅದರ ದೊಡ್ಡ ಸ್ಕ್ಯಾನಿಂಗ್ ಕೇಂದ್ರಗಳಲ್ಲೊಂದು. ದಿನವಿಡೀ ಪುಟ ಮಗುಚಿ ಯಂತ್ರದ ಕೆಳಗೆ ಹಿಡಿದವರ ಹೆಸರು ಎಲ್ಲೂ ದಾಖಲಾಗಿಲ್ಲ. ಅವರ ಪ್ರಾಮಾಣಿಕತೆಯ ಸಾಕ್ಷಿ ಮಾತ್ರ ಆ ಚೀಟಿಗಳಲ್ಲಿದೆ. ಬೈಂಡಿಂಗ್ ಬಿಗಿಯಾಗಿದ್ದರೆ ಬಿಗಿ ಎಂದರು, ಪುಟ ಇಲ್ಲದಿದ್ದರೆ ಇಲ್ಲ ಎಂದರು. ಕೈಗೆ ಬಂದ ಪುಸ್ತಕದ ಕುಂದನ್ನು ಮುಚ್ಚಿಡಲಿಲ್ಲ.

ಇಷ್ಟು ಎಚ್ಚರ ಇದ್ದ ಕೆಲಸದಲ್ಲಿ ಒಂದು ಚೀಟಿ ತಪ್ಪಿಹೋಯಿತು. ಈ ಪುಸ್ತಕ ಯಾರದು, ಅವರನ್ನು ಕೇಳಿದೆವೆ, ಎಂಬ ಚೀಟಿ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕು ವಾರಸುದಾರರಲ್ಲಿರುತ್ತದೆ. ಮೊದಲು 50 ಇತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ 1992ರಲ್ಲಿ ಹತ್ತು ವರ್ಷ ಸೇರಿಸಿದರು. ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡವರು, ಅವರ ಬರಹ ಈಗ ಎಲ್ಲರದು. 1964ರಲ್ಲಿ ತೀರಿಕೊಂಡ ಆಲೂರ ವೆಂಕಟರಾಯರದು 2025ರ ಜನವರಿ 1ರಿಂದ ಎಲ್ಲರದಾಯಿತು. ಬೇಂದ್ರೆಯವರದು 2041ರ ಕೊನೆಯವರೆಗೆ, ಕಾರಂತರದು 2057ರ ಕೊನೆಯವರೆಗೆ ಕಾಯಬೇಕು. ಡಿಜಿಟಲ್ ಲೈಬ್ರರಿಯ ಪಟ್ಟಿಯಲ್ಲಿ ಹಕ್ಕಿನ ಕಾಲಂ ಇತ್ತು ನಿಜ. ಆದರೆ ಪುಸ್ತಕ ಹಳತಾಗಿ ಕಂಡಿದ್ದಕ್ಕೇ ಹಕ್ಕು ಮುಗಿದಿದೆ ಎಂದು ತುಂಬಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ಇಲ್ಲಿ ಒಬ್ಬ ಮಗಳನ್ನು ನೆನೆಯಿರಿ. ತಂದೆ ಕಾದಂಬರಿಕಾರರು, ಇಪ್ಪತ್ತು ಪುಸ್ತಕ ಬರೆದವರು, ಮನೆ ಕಟ್ಟಲಿಲ್ಲ. ಅವರು ಹೋದ ಮೇಲೆ ಎರಡು ಪುಸ್ತಕಗಳು ಪಠ್ಯವಾಗಿ ಸ್ವಲ್ಪ ರಾಯಲ್ಟಿ ಬರುತ್ತಿದೆ. ಒಂದು ದಿನ ಅವೇ ಪುಸ್ತಕಗಳು ಯಾರನ್ನೂ ಕೇಳದೆ ಅಂತರಜಾಲದಲ್ಲಿ ಕಾಣುತ್ತವೆ. 'ಜ್ಞಾನ ಎಲ್ಲರದು ಅಲ್ಲವೇ ತಾಯಿ' ಎಂದು ಆಕೆಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಗದದವರಿಗೆ ದುಡ್ಡು ಕೊಟ್ಟಿದ್ದೇವೆ, ಅಚ್ಚಿನವರಿಗೆ ಕೊಟ್ಟಿದ್ದೇವೆ, ಸ್ಕ್ಯಾನರ್ ಮಾರಿದವರಿಗೂ ಕೊಟ್ಟಿದ್ದೇವೆ. ಬರೆದವರ ಸರದಿ ಬಂದಾಗ ಮಾತ್ರ ಉದಾರತೆಯ ಮಾತಾಡುವುದು ಸರಿಯಲ್ಲ.

ಅದೇ ತಂದೆಯ ಉಳಿದ ಹದಿನೆಂಟು ಪುಸ್ತಕಗಳ ಗತಿ ಬೇರೆ. ಅವನ್ನು ಯಾರೂ ಮರುಮುದ್ರಿಸುವುದಿಲ್ಲ. ಮಗಳ ಬಳಿಯೂ ಪ್ರತಿ ಇಲ್ಲ. ಹೈದರಾಬಾದಿನ ಕಪಾಟಿನಲ್ಲಿ ಒಂದೊಂದು ಪ್ರತಿ ಇದೆ, ಕಾಗದ ಕಂದಿ ಮುಟ್ಟಿದರೆ ಪುಡಿಯಾಗುತ್ತಿದೆ. ಅದನ್ನು ಸ್ಕ್ಯಾನ್ ಮಾಡಿದವರನ್ನು ಕಳ್ಳರೆನ್ನಲೂ ನನಗೆ ಬಾಯಿ ಬರುವುದಿಲ್ಲ. ಸುಡುವ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದವರನ್ನು ಬೀಗ ಯಾಕೆ ಒಡೆದಿರಿ ಎಂದು ಯಾರೂ ಕೇಳುವುದಿಲ್ಲ. ಆದರೆ ಮಗುವನ್ನು ಮನೆಯವರಿಗೆ ತಲುಪಿಸುವ ಕೆಲಸ ಎತ್ತಿಕೊಂಡವರ ಮೇಲೆಯೇ ಬೀಳುತ್ತದೆ.

ಕಾನೂನಿಗೂ ಈ ಭೇದ ಗೊತ್ತು. 2012ರ ತಿದ್ದುಪಡಿ ಬಂದ ಮೇಲೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಕಾಪಾಡಿಕೊಳ್ಳಲು ಡಿಜಿಟಲ್ ಪ್ರತಿ ಮಾಡಿ ಇಟ್ಟುಕೊಳ್ಳಬಹುದು. ಉಳಿಸುವುದಕ್ಕೆ ಅನುಮತಿ ಇದೆ. ಊರಿಗೆಲ್ಲ ಹಂಚುವುದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಹಕ್ಕುದಾರರೇ ಪತ್ತೆಯಾಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಪರವಾನಗಿ ಕೇಳುವ ದಾರಿಯೂ ಇದೆ. ಅದು ಒಂದೊಂದೇ ಪುಸ್ತಕಕ್ಕೆ ಆಗುವ ಕೆಲಸ, ಲಕ್ಷಗಟ್ಟಲೆ ಪುಸ್ತಕಗಳಿಗೆ ಆಗುವಂಥದ್ದಲ್ಲ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕೊನೆಗೆ ಏನಾಯಿತು? ಹಕ್ಕುಸ್ವಾಮ್ಯದ ತಕರಾರು ಎದ್ದು ತಾಣವೇ ಮುಚ್ಚಿತು. ಸಮಸ್ಯೆ ಕೆಲವು ಪುಸ್ತಕಗಳದ್ದು, ಕದ ಹಾಕಿದ್ದು ಎಲ್ಲಕ್ಕೂ. ಯಾರ ತಕರಾರೂ ಇಲ್ಲದ ಹಳಗನ್ನಡ ಕಾವ್ಯಗಳಿಗೂ ಅದೇ ಶಿಕ್ಷೆ. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಪ್ಪು ಇದೇ. ಕೇಳದೆ ಹಾಕಿದ್ದು ಅವಸರದ ತಪ್ಪು, ಒಟ್ಟಿಗೆ ಮುಚ್ಚಿದ್ದು ಸೋಮಾರಿತನದ ತಪ್ಪು. ಒಂದೊಂದೇ ಪುಸ್ತಕ ನೋಡಿ ಇದು ಇರಲಿ, ಇದು ಬೇಡ ಎನ್ನಲು ಯಾರೂ ಕೂರಲಿಲ್ಲ. ಅಷ್ಟರಲ್ಲಿ ಅಮೆರಿಕದ ಕಾರ್ಲ್ ಮಲಮುಡ್ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ನಕಲು ಮಾಡಿ ಇಟ್ಟಿದ್ದರು. ನಾನು ಓದಿದ ನಾಟಕ ಉಳಿದದ್ದು ಹಾಗೆ. ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಭಂಡಾರವನ್ನು ಉಳಿಸಲು ಹೊರಗಿನ ಒಬ್ಬ ವ್ಯಕ್ತಿ ಬೇಕಾಯಿತು ಎಂಬುದು ನಮಗೆ ನೋವಾಗಬೇಕಾದ ಸಂಗತಿ.

ತೆರೆದಿಟ್ಟರೆ ಸಾಕೇ ಎಂಬ ಪ್ರಶ್ನೆಯೂ ಇದೆ. ಆ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದಿದ್ದರು. ಹಾಗೆ ಬರೆದರೆ ಹಳ್ಳಿಯೂ ಹಲ್ಲಿಯೂ ಒಂದೇ. ಕನ್ನಡದಲ್ಲಿ ಹುಡುಕುವವರಿಗೆ ಕನ್ನಡ ಪುಸ್ತಕ ಸಿಗುವುದಿಲ್ಲ. ಬೆಂಗಳೂರಿನ 'ಸಂಚಯ' ಬಳಗದವರು ಉಸ್ಮಾನಿಯಾ ಮತ್ತು ಡಿಜಿಟಲ್ ಲೈಬ್ರರಿಯ ಪಟ್ಟಿಗಳನ್ನು ತೆಗೆದುಕೊಂಡು, ಆಸಕ್ತರನ್ನು ಸೇರಿಸಿ, ಶೀರ್ಷಿಕೆಗಳನ್ನು ಕನ್ನಡ ಲಿಪಿಗೆ ತಂದು 'ಪುಸ್ತಕ ಸಂಚಯ' ಮಾಡಿದರು. ಇದು ಗ್ರಂಥಪಾಲಕರ ಕೆಲಸ. ಸಂಬಳವಿಲ್ಲದೆ, ಮನೆಯಲ್ಲಿ ಕುಳಿತು, ರಾತ್ರಿ ಹೊತ್ತು ಮಾಡಿದರು. ಯಂತ್ರ ಪುಟವನ್ನು ಹಿಡಿದುಕೊಟ್ಟಿತು, ಓದುಗರ ಕೈಗೆ ಮುಟ್ಟಿಸಿದವರು ಇವರು.

ಕೇಳಿ ಪಡೆಯಲು ಸಾಧ್ಯವಿಲ್ಲ ಎನ್ನುವವರಿಗೆ 2014 ಒಂದು ಉತ್ತರ. ನಿರಂಜನರ ಮಗಳು ತೇಜಸ್ವಿನಿ ನಿರಂಜನ ಅವರು ತಂದೆಯ 55 ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಓದಬಹುದು, ಹಂಚಬಹುದು, ಲೇಖಕರ ಹೆಸರು ಹೇಳಬೇಕು, ಅದೇ ಷರತ್ತಿನಲ್ಲಿ ಮುಂದೆ ಕೊಡಬೇಕು. ಅದೇ ಸುಮಾರಿಗೆ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಬಿಡುಗಡೆ ಮಾಡಿತು. ಇಲ್ಲಿ ಯಾರೂ ಕದಿಯಲಿಲ್ಲ, ಯಾರೂ ಮುಚ್ಚಿಡಲಿಲ್ಲ. ಮಗಳೇ ಕೈಯಾರೆ ಕೊಟ್ಟರು.

ವಿದ್ವತ್ ಪತ್ರಿಕೆಗಳ ಲೋಕದಲ್ಲಿ ಲೆಕ್ಕ ಬೇರೆ. ಅಲ್ಲಿ ಬರೆಯುವವರಿಗೆ ಪ್ರಕಾಶಕರು ಬಿಡಿಗಾಸೂ ಕೊಡುವುದಿಲ್ಲ, ಪ್ರಾಧ್ಯಾಪಕರ ಸಂಬಳ ಸಾರ್ವಜನಿಕರದು, ಆದರೂ ಓದಲು ದುಡ್ಡು ಕೊಡಬೇಕು. ಅಲ್ಲಿ ತೆರೆದಿಡಿ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್, ಜೋಳ ತೊಗರಿಗಳ ಸಂಶೋಧನೆ ನಡೆಸುವ ಸಂಸ್ಥೆ, ತನ್ನ ವಿಜ್ಞಾನಿಗಳ ಬರಹ ಮುಕ್ತವಾಗಿ ಸಿಗಬೇಕೆಂದು 2009ರಲ್ಲೇ ನಿಯಮ ಮಾಡಿತು. ಅದೇ ವರ್ಷದ ಯುಜಿಸಿ ನಿಯಮದಿಂದಾಗಿ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಮುಕ್ತ ಜಾಲತಾಣ ಸೇರತೊಡಗಿದವು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಕಾಲೇಜುಗಳಿಗೂ ಸಿಗುತ್ತವೆ. ಯಾದಗಿರಿಯ ವಿದ್ಯಾರ್ಥಿ ದೆಹಲಿಯವರಷ್ಟೇ ಓದಬಹುದು, ಸಂತೋಷ. ಆದರೆ ಆ ಮೂವತ್ತರಲ್ಲಿ ಬಹುಪಾಲು ಅಂತರರಾಷ್ಟ್ರೀಯ ಪ್ರಕಾಶಕರು. ಚಂದಾ ಎಂದರೆ ಬಾಡಿಗೆ. ಉಸ್ಮಾನಿಯಾದವರು ಕೊಂಡು ಮುದ್ರೆ ಒತ್ತಿದ ಕನ್ನಡ ಪುಸ್ತಕ 1956 ದಾಟಿ ಉಳಿದದ್ದು ಅದು ಗ್ರಂಥಾಲಯದ ಸ್ವಂತದ್ದಾದ್ದರಿಂದ. ಬಾಡಿಗೆಗೆ ಬಂದದ್ದು ಹಾಗೆ ಉಳಿಯುವುದಿಲ್ಲ.

ಇಷ್ಟು ದೊಡ್ಡ ಹಣದ ಪಕ್ಕದಲ್ಲಿ ನಾನು ಕೇಳುವುದು ಸಣ್ಣದು. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಒಬ್ಬರನ್ನಾದರೂ ಈ ಕೆಲಸಕ್ಕೆ ಕೂರಿಸಲಿ. ಹೈದರಾಬಾದಿನ ಆ ಪ್ರತಿಗಳ ಪಟ್ಟಿ ಮುಂದಿಟ್ಟುಕೊಂಡು, ಲೇಖಕರ ಮನೆಗಳಿಗೆ ಕಾಗದ ಬರೆಯಲಿ, ಉತ್ತರವನ್ನು ಪುಸ್ತಕದ ಜೊತೆಯಲ್ಲೇ ಇಡಲಿ. ತಪ್ಪಿಹೋದ ಆ ಒಂದು ಚೀಟಿಯನ್ನು ಈಗಲಾದರೂ ಅಂಟಿಸಲಿ.

ಓದುಗರಲ್ಲಿ ಯಾರಾದರೂ ಲೇಖಕರ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ನಿಮ್ಮಲ್ಲೂ ಒಂದು ಕೋರಿಕೆ. ಮರುಮುದ್ರಣದ ಆಸೆಯಿರುವ ಪುಸ್ತಕಗಳನ್ನು ಇಟ್ಟುಕೊಳ್ಳಿ, ರಾಯಲ್ಟಿ ಬರುವುದನ್ನು ಬಿಡಬೇಡಿ. ಉಳಿದವಕ್ಕೆ ಒಂದು ಹಾಳೆ ಸಾಕು. ಯಾವ ಪುಸ್ತಕ, ಯಾವ ವರ್ಷದ್ದು, ಹಕ್ಕು ಯಾರದು, ಯಾವ ಷರತ್ತಿನ ಮೇಲೆ ಕೊಡುತ್ತೀರಿ, ಇಷ್ಟನ್ನು ಬರೆದು ಮನೆಯವರೆಲ್ಲ ಸಹಿ ಮಾಡಿ. 1990ರಲ್ಲಿ ತೀರಿಕೊಂಡ ಲೇಖಕರ ಪುಸ್ತಕಕ್ಕೆ ಕಾನೂನು 2050ರ ಡಿಸೆಂಬರ್ ಕೊನೆಯವರೆಗೆ ಕಾಯಿಸುತ್ತದೆ. ಐವತ್ತರ ದಶಕದ ಕಾಗದ ಅಲ್ಲಿಯವರೆಗೆ ಬಾಳುವುದಿಲ್ಲ. ಆ ಹಾಳೆಯನ್ನು ಈ ವರ್ಷವೇ ಬರೆಯಿರಿ.