ಕಾದ ನೀರಿನ ತೂಕ

ಜಾಗ ಹಿಡಿಯುವಂಥದ್ದು, ದ್ರವ್ಯರಾಶಿ ಉಳ್ಳದ್ದು ದ್ರವ್ಯ ಎಂದು ಹೈಸ್ಕೂಲಿನ ಮಕ್ಕಳು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಹೇಳಿದ ಮೇಲೆ ಇನ್ನೇನೂ ಉಳಿದಿಲ್ಲವೆಂಬಂತೆ ಪುಟ ಮಗುಚುತ್ತಾರೆ. ನನಗೆ ಮಾತ್ರ ಆ ಸಾಲಿನ ಬಳಿ ಸ್ವಲ್ಪ ಹೊತ್ತು ಕೂತಿರಬೇಕೆನಿಸುತ್ತದೆ. ಕೋಲಾರದ ಈ ಬಯಲಲ್ಲಿ ಎಲ್ಲಿ ಕಾಲಿಟ್ಟರೂ ಕಲ್ಲು. ಅಂಗೈ ತುಂಬುವಂಥ ಒಂದೊಂದು ಕಲ್ಲನ್ನು ಅಂಗಳದಿಂದ ಆರಿಸಿ ತರಲು ಹೇಳಿ, ಕಣ್ಣು ಮುಚ್ಚಿ ಮಾತಿಲ್ಲದೆ ಹಿಡಿದುಕೊಳ್ಳಿ ಎನ್ನುತ್ತೇನೆ. ಬೆಳಗಿನಿಂದ ಬಿಸಿಲುಂಡ ಬೆಣಚುಕಲ್ಲಿನ ಬಿಸುಪು, ತಳಕ್ಕೆ ಅಂಟಿದ ಕೆಮ್ಮಣ್ಣಿನ ತಂಪು, ಬೆರಳಿಗೆ ಸಿಕ್ಕುವ ಒರಟು ಅಂಚು, ಮತ್ತೆ ನಿಧಾನವಾಗಿ ಮಣಿಕಟ್ಟಿನಿಂದ ಮೊಣಕೈಗೆ ಇಳಿದು ಬರುವ ಆ ಭಾರ. ಈ ಭಾರ ಎಲ್ಲಿಂದ ಬಂತು ಎಂದು ಕೇಳಿದಾಗ ತರಗತಿಯೊಳಗೆ ಒಂದು ಮೌನ ಹರಡುತ್ತದಲ್ಲ, ಪಾಠ ಮಾಡುವವರಿಗೆ ಅದಕ್ಕಿಂತ ದೊಡ್ಡ ಸಂಬಳ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಮೆಗ್ನೀಸಿಯಂ ಪಟ್ಟಿ ಉರಿಸುವ ದಿನ ಕಿಟಕಿಗಳನ್ನು ಮುಚ್ಚಿಸುತ್ತೇನೆ. ಬೆರಳಗಲವೂ ಇಲ್ಲದ ಆ ಮಬ್ಬು ಪಟ್ಟಿಯನ್ನು ಮರಳು ಕಾಗದದಲ್ಲಿ ಉಜ್ಜಿದರೆ ಒಳಗಿನ ಬೆಳ್ಳಿ ಮೈ ಹೊರಬರುತ್ತದೆ. ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪದ ನೀಲಿ ಜ್ವಾಲೆಗೆ ಒಡ್ಡಿದಾಗ ಅದು ಮೊದಲು ಏನೂ ಆಗದಂತೆ ಸುಮ್ಮನಿದ್ದು, ತುದಿ ತುಸು ಬಾಗಿ, ಆಮೇಲೆ ಒಮ್ಮೆಗೇ ಕೋಣೆಯನ್ನೆಲ್ಲ ಬೆಳ್ಳಗೆ ಮಾಡಿಬಿಡುತ್ತದೆ. ಸೀದಾ ಅದನ್ನೇ ನೋಡಬಾರದು, ಗೋಡೆ ನೋಡಬೇಕು. ಗೋಡೆಯ ಮೇಲೆ ಜಡೆಗಳ ನೆರಳು, ಕಿಟಕಿ ಸರಳುಗಳ ನೆರಳು, ಎತ್ತಿದ ನನ್ನ ಕೈಯ ನೆರಳು, ಎಲ್ಲವೂ ಒಂದೇ ಕ್ಷಣಕ್ಕೆ ಕೆತ್ತಿದಷ್ಟು ಚೊಕ್ಕವಾಗಿ ಮೂಡಿ ಮಾಯವಾಗುತ್ತವೆ. ಗಾಜಿನ ತಟ್ಟೆಯಲ್ಲಿ ಬಿಳಿ ಬೂದಿ ಉಳಿಯುತ್ತದೆ. ಸೌದೆ ಒಲೆ ನೋಡಿ ಬೆಳೆದ ಮಕ್ಕಳಿಗೆ ಉರಿದದ್ದು ಹಗುರಾಗಲೇಬೇಕು. ಆದರೆ 24 ಗ್ರಾಂ ಮೆಗ್ನೀಸಿಯಂ ಪೂರ್ತಿ ಉರಿದರೆ 40 ಗ್ರಾಂ ಬೂದಿಯಾಗುತ್ತದೆ, ಹೆಚ್ಚಾದ 16 ಗ್ರಾಂ ನಾವು ಉಸಿರಾಡುವ ಗಾಳಿಯಿಂದಲೇ ಬಂದು ಕೂತದ್ದು. ಕಣ್ಣಿಗೆ ಕಾಣದ್ದಕ್ಕೂ ತಕ್ಕಡಿಯಲ್ಲಿ ಜಾಗವಿದೆ ಎಂದು ಪ್ಯಾರಿಸ್ಸಿನ ಲಾವಾಸಿಯೆ ತಾಳ್ಮೆಯಿಂದ ತೂಗಿ ತೂಗಿ ತೋರಿಸಿದ. 1789ರ ಅವನ ಪುಸ್ತಕ ರಸಾಯನ ವಿಜ್ಞಾನದ ಲೆಕ್ಕವನ್ನೇ ನೇರ್ಪು ಮಾಡಿತು: ಬಂದದ್ದೆಷ್ಟೋ ಹೋದದ್ದೂ ಅಷ್ಟೇ.

ಆದರೆ ಗೋಡೆಯ ಮೇಲೆ ನೆರಳು ಬಿಡಿಸಿ ಹೋದ ಆ ಬೆಳಕು? ಅದು ತಟ್ಟೆಯಲ್ಲಿ ಇಲ್ಲ, ಲಾವಾಸಿಯೆಯ ತಕ್ಕಡಿಯಲ್ಲೂ ಇರಲಿಲ್ಲ. ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದ ಇಪ್ಪತ್ತಾರರ ಹರೆಯದ ಐನ್‌ಸ್ಟೈನ್ 1905ರ ಸೆಪ್ಟೆಂಬರಿನಲ್ಲಿ ಬರೆದ ಮೂರೇ ಪುಟಗಳ ಲೇಖನ ಈ ಬೆಳಕನ್ನು ಕುರಿತದ್ದೇ. ಅದರ ಶೀರ್ಷಿಕೆಯೇ ಒಂದು ಪ್ರಶ್ನೆ: ವಸ್ತುವಿನ ಜಡತ್ವ ಅದರೊಳಗಿನ ಶಕ್ತಿಯನ್ನು ಅವಲಂಬಿಸಿದೆಯೇ? ಬೆಳಕು ಚೆಲ್ಲಿದ ವಸ್ತು ಆ ಬೆಳಕಿನಷ್ಟೇ ದ್ರವ್ಯರಾಶಿಯನ್ನು ಕಳೆದುಕೊಂಡಿರುತ್ತದೆ ಎಂಬುದು ಉತ್ತರ. ಹೊರಟ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಕಳೆದುಹೋದದ್ದು ಎಷ್ಟೆಂದು ತಿಳಿಯುತ್ತದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವುದರ ವರ್ಗ ಎಷ್ಟು ಅಗಾಧ ಸಂಖ್ಯೆಯೆಂದರೆ ಭಾಗಿಸಿದ ಮೇಲೆ ಉಳಿಯುವುದು ಯಾವ ತಕ್ಕಡಿಗೂ ಸಿಗದಷ್ಟು ಕಿರಿದು. ಸೂತ್ರವನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಳ್ಳುವ ಕಾಲವಿದು. ಅದರೊಳಗಿನ ಪ್ರಶ್ನಾರ್ಥಕ ಚಿಹ್ನೆಯನ್ನು ಮಕ್ಕಳಿಗೆ ಮೊದಲು ಕೊಡಬೇಕೆಂದು ನನ್ನ ಆಸೆ.

ಹಾಗಾಗಿ ನಾನು ಅಣುಸ್ಥಾವರಕ್ಕೆ ಹೋಗುವ ಮುನ್ನ ಬಚ್ಚಲುಮನೆಗೆ ಹೋಗುತ್ತೇನೆ. ಇಲ್ಲಿನ ಹಳ್ಳಿಗಳಲ್ಲಿ ಇನ್ನೂ ಹಂಡೆಯಲ್ಲಿ ನೀರು ಕಾಯುತ್ತದೆ. ಚುಮುಚುಮು ಚಳಿಯಲ್ಲಿ ನೀಲಗಿರಿ ಸೌದೆಯ ಘಾಟು ಹೊಗೆ ಹೆಂಚಿನ ಸಂದಿನಲ್ಲಿ ಏಳುತ್ತದೆ, ಹೊಗೆ ಹಿಡಿದು ಕಪ್ಪಾದ ತಾಮ್ರದ ಹೊಟ್ಟೆಯ ಸುತ್ತ ಕೆಂಪು ನಾಲಿಗೆಗಳು ಆಡುತ್ತವೆ, ಒಳಗೆ ನೀರು ಮೊದಲು ಸಣ್ಣದಾಗಿ ಗುನುಗಿ, ಆಮೇಲೆ ಸದ್ದಿಗೆ ದನಿ ಬಂದು, ಮುಚ್ಚಳದಂಚಿನಲ್ಲಿ ಆವಿಯ ಹನಿಗಳು ಸಾಲುಗಟ್ಟುತ್ತವೆ. ಆ ನೀರಲ್ಲಿ ಒಂದು ಹನಿಯೂ ಆವಿಯಾಗಿ ಹೊರಹೋಗದಂತೆ ನೋಡಿಕೊಂಡರೆ, ಕಾದ ನೀರು ತಣ್ಣೀರಿಗಿಂತ ಹೆಚ್ಚು ತೂಗುತ್ತದೆ. ನಲವತ್ತು ಲೀಟರ್ ನೀರು ಐವತ್ತು ಡಿಗ್ರಿಯಷ್ಟು ಬಿಸಿಯೇರಿದರೆ ಹೆಚ್ಚುವುದು ಹೆಚ್ಚುಕಡಿಮೆ ಒಂದು ಗ್ರಾಮಿನ ಒಂದು ಕೋಟಿ ಪಾಲಿನಲ್ಲಿ ಒಂದು ಪಾಲು. ಹೊರಗಿನಿಂದ ಒಂದು ಕಣವೂ ಬಂದು ಸೇರಿಲ್ಲ, ಇದ್ದ ಕಣಗಳೇ ತುಸು ಹೆಚ್ಚು ಚಡಪಡಿಸುತ್ತಿವೆ, ಮತ್ತು ಆ ಚಡಪಡಿಕೆಗೇ ಭಾರವಿದೆ. ತಲೆಯ ಮೇಲೆ ಅಜ್ಜಿ ಸುರಿಯುವ ಮೊದಲ ಚೊಂಬಿನ ನೀರಿನಲ್ಲಿ, ಬೆನ್ನ ಮೇಲೆ ಇಳಿಯುವ ಆ ಸುಖದಲ್ಲಿ, ಸೌದೆಯಿಂದ ನೀರಿಗೆ ದಾಟಿ ಬಂದ ಒಂದು ತೂಕವೂ ಇಳಿಯುತ್ತಿರುತ್ತದೆ.

ಈಗ ಕೈಯಲ್ಲಿದ್ದ ಕಲ್ಲನ್ನು ಮತ್ತೆ ಹಿಡಿದು ನೋಡಬಹುದು. ಅದರ ಭಾರವೆಲ್ಲ ಬಹುಪಾಲು ಪರಮಾಣುಗಳ ನಟ್ಟನಡುವಿನ ಬೀಜದಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳದ್ದು. ಒಂದೊಂದು ಪ್ರೋಟಾನಿನಲ್ಲೂ ಮೂರು ಕ್ವಾರ್ಕುಗಳು. ಆ ಮೂರರ ಸ್ವಂತ ದ್ರವ್ಯರಾಶಿ ಕೂಡಿಸಿದರೆ ಪ್ರೋಟಾನಿನ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಅವುಗಳ ಓಟದ ಶಕ್ತಿ, ಅವನ್ನು ಬಿಡದೆ ಹಿಡಿದಿಟ್ಟ ಬಲಕ್ಷೇತ್ರದ ಶಕ್ತಿ. ಗೂಡಿನ ಹೊರಗೆ ನಿಂತು ಕೇಳಿದಾಗ ಜೇನುಹುಟ್ಟು ಒಂದೇ ವಸ್ತುವಿನಂತೆ ಗುಂಯ್‌ಗುಡುತ್ತದೆ, ಒಳಗೆ ಎಲ್ಲವೂ ರೆಕ್ಕೆ. ಕಲ್ಲು ಕಲ್ಲಾಗಿ ಕೂತಿರುವುದು, ಬಂಡೆ ಬಂಡೆಯಾಗಿ ಯುಗಗಟ್ಟಲೆ ಮಳೆಬಿಸಿಲಿಗೆ ಮೈಯೊಡ್ಡಿ ಬಿದ್ದಿರುವುದು, ನೂರಕ್ಕೆ ತೊಂಬತ್ತೊಂಬತ್ತರಷ್ಟು ಒಂದು ನಿಲ್ಲದ ಚಲನೆ. ಹಿಡಿದ ಕೈಯೂ ಹಾಗೆಯೇ. ತೊಟ್ಟಿಲಲ್ಲಿ ಮಲಗಿದ ತಮ್ಮನನ್ನು ಎತ್ತಿಕೊಂಡಾಗ ಸೊಂಟಕ್ಕೆ ತಾಗುವ ಅವನ ಭಾರವೂ ಹಾಗೆಯೇ. ಇದನ್ನು ಹೇಳಿದ ದಿನ ಯಾರೂ ಗಂಟೆಯ ಕಡೆ ಕಿವಿಗೊಡುವುದಿಲ್ಲ. ನನಗೂ ದನಿ ತಗ್ಗುತ್ತದೆ, ದೇವರ ಮನೆಯ ಹೊಸ್ತಿಲಲ್ಲಿ ತಗ್ಗುವ ಹಾಗೆ, ಯಾರೂ ಹೇಳದಿದ್ದರೂ.

ಸೂರ್ಯ ಪ್ರತಿ ಸೆಕೆಂಡಿಗೂ 40 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯರಾಶಿಯನ್ನು ಬೆಳಕಾಗಿ ತೂರುತ್ತಾನೆ ಎಂದರೆ ಮಕ್ಕಳು ದೊಡ್ಡ ಸಂಖ್ಯೆಗೆ ಬಾಯಿ ತೆರೆಯುತ್ತಾರೆ, ಅಷ್ಟೇ. ಅವರನ್ನು ನಿಜಕ್ಕೂ ತಟ್ಟುವುದು ಇನ್ನೊಂದು, ಸಣ್ಣ ಸಂಖ್ಯೆ. ಅದರಲ್ಲಿ ನಮ್ಮ ಭೂಮಿಗೆ ತಾಗುವ ಬೆಳಕನ್ನಷ್ಟೇ ಲೆಕ್ಕ ಹಾಕಿದರೆ ಸೆಕೆಂಡಿಗೆ ಎರಡು ಕೆ.ಜಿ. ಬರುತ್ತದೆ. ಎರಡು ಕೆ.ಜಿ. ಟೊಮೆಟೊ ಎಷ್ಟೆಂದು ಕೋಲಾರದ ಮಕ್ಕಳಿಗೆ ಕೈಯೇ ಹೇಳುತ್ತದೆ. ಅಷ್ಟೇ ಬಿಸಿಲು, ಇಡೀ ಲೋಕಕ್ಕೆ. ಅದರಲ್ಲೇ ಸಮುದ್ರ ಕಾದು ಮುಂಗಾರು ಎದ್ದು ಬರಬೇಕು, ಅದರಲ್ಲೇ ರಾಗಿ ತೆನೆಗಟ್ಟಬೇಕು, ಮಾವಿನ ತೋಪುಗಳು ಹೂಬಿಡಬೇಕು, ಅಮೆಜಾನಿನ ಕಾಡು ಹಸಿರಾಗಿರಬೇಕು, ನೀಲಗಿರಿ ಮರ ಬೆಳೆದು ಎಂದೋ ಹಂಡೆಯ ಕೆಳಗೆ ಬಂದು ಆ ಬಿಸಿಲನ್ನು ನೀರಿಗೆ ಒಪ್ಪಿಸಬೇಕು.

ಇದೇ ಲೆಕ್ಕ 1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಷಿಮಾದ ಮೇಲೆ ಏನು ಮಾಡಿತು ಎಂಬುದನ್ನೂ ಅದೇ ತರಗತಿಯಲ್ಲಿ ಹೇಳುತ್ತೇನೆ. ಅಂದು ಶಕ್ತಿಯಾಗಿ ಹೊರಬಿದ್ದದ್ದು ಒಂದು ಗ್ರಾಮಿಗೂ ಕಡಿಮೆ ದ್ರವ್ಯರಾಶಿ. ಹೇಳಿ, ಸುಮ್ಮನಾಗುತ್ತೇನೆ. ಇದನ್ನು ಬಿಟ್ಟು ಬರಿಯ ಬೆರಗನ್ನು ಕೊಟ್ಟರೆ ಅದು ಪೂರ್ತಿ ಕೊಟ್ಟಂತಲ್ಲ.

ಇಲ್ಲಿನ ಎಷ್ಟೋ ಮಕ್ಕಳ ತಾತಂದಿರು ಕೆ.ಜಿ.ಎಫ್. ಗಣಿಯಲ್ಲಿ ದುಡಿದವರು. ಚಿನ್ನ ತೆಗೆದ ಸುರಂಗಗಳಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ನಿಯಾನ್ ನಳಿಗೆಗಳನ್ನು ಜೋಡಿಸಿಟ್ಟು ಕಾದು ಕುಳಿತಿದ್ದರು ಎಂಬುದು ಈ ಮಕ್ಕಳಿಗೆ ಹೊಸ ಸುದ್ದಿ. ಮೇಲಿನ ಬಂಡೆ ಮಿಕ್ಕ ಕಿರಣಗಳನ್ನು ಬಹುಪಾಲು ತಡೆಯುತ್ತದೆ, ನ್ಯೂಟ್ರಿನೊ ಎಂಬ ಕಣವೊಂದನ್ನು ಬಿಟ್ಟು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಆ ಕತ್ತಲಲ್ಲಿ ಸಿಕ್ಕಿತು, ಲೋಕದಲ್ಲಿ ಮೊದಲ ಬಾರಿ ಸಿಕ್ಕವುಗಳಲ್ಲಿ ಅದೂ ಒಂದು. ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದಿವೆ. ನ್ಯೂಟ್ರಿನೊಗಳು ಈಗಲೂ ಹಾಯುತ್ತಲೇ ಇವೆ: ಸೂರ್ಯನಿಂದ ಬರುವವು ನಿಮ್ಮ ಒಂದು ಉಗುರಿನಷ್ಟು ಜಾಗದಲ್ಲೇ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ಎಂದಾಗ ಮಕ್ಕಳು ತಂತಮ್ಮ ಹೆಬ್ಬೆರಳು ನೋಡಿಕೊಳ್ಳುತ್ತಾರೆ.

"ಮಿಸ್, ಅದ್ರ ತೂಕ ಎಷ್ಟು?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ. ಸೊನ್ನೆ ಅಲ್ಲ ಅಂತ ಗೊತ್ತು, ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ಅಂತಲೂ ಗೊತ್ತು, ಎಷ್ಟು ಅಂತ ಇನ್ನೂ ಯಾರೂ ತೂಗಿಲ್ಲ ಕಣಮ್ಮ ಎನ್ನುತ್ತೇನೆ. "ಎಲ್ಲಾ ದಾಟ್ಕೊಂಡು ಹೋಗೋದನ್ನ ತೂಗೋದಾದ್ರೂ ಹೆಂಗೆ?" ಎಂದು ಅವಳ ಪಕ್ಕದವಳು ಕೇಳುತ್ತಾಳೆ, ಮತ್ತೊಬ್ಬ ಅದಕ್ಕೊಂದು ಉಪಾಯ ಹೇಳುತ್ತಾನೆ, ಅದು ಯಾಕೆ ಆಗುವುದಿಲ್ಲ ಎಂದು ಮೂರನೆಯವನು ವಾದಕ್ಕಿಳಿಯುತ್ತಾನೆ, ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದರೂ ವಾದ ನಿಲ್ಲುವುದಿಲ್ಲ.