ಕೈಯಲ್ಲಿರುವ ಅರಿವನ್ನು ಅಳೆಯುವುದು

ಬಾಯಲ್ಲಿ ಹೇಳಲು ಬಾರದ, ಕೈಯಲ್ಲಿ ಮಾತ್ರ ಇರುವ ಅರಿವು ಒಬ್ಬರಿಗಿದೆಯೆಂದು ಇನ್ನೊಬ್ಬರು ತಿಳಿಯುವುದು ಹೇಗೆ? ಶಸ್ತ್ರವೈದ್ಯರ ತರಬೇತಿಯ ಗುಣಮಟ್ಟ ಅಳೆಯುವವರೆಲ್ಲ ಎದುರಿಸುವ ಜ್ಞಾನಮೀಮಾಂಸೆಯ ಪ್ರಶ್ನೆ ಇದು. ದೊಡ್ಡ ಕರುಳು ಮತ್ತು ಗುದನಾಳದ ಶಸ್ತ್ರಚಿಕಿತ್ಸೆಯಲ್ಲಿ ಇದು ಇನ್ನಷ್ಟು ಮೊನಚಾಗುತ್ತದೆ. ಇಕ್ಕಟ್ಟಾದ ಕಟಿಕುಹರದಲ್ಲಿ ಕತ್ತರಿ ಕೆಲವೇ ಮಿಲಿಮೀಟರ್ ಒಳಗೆ ಸರಿದರೆ ಕ್ಯಾನ್ಸರ್ ಉಳಿದೀತು, ಹೊರಗೆ ಸರಿದರೆ ಮೂತ್ರಕೋಶದ ನರ ತುಂಡಾದೀತು.

ವಿಷಯ ತಿಳಿದಿರುವುದು ಬೇರೆ, ಮಾಡಲು ಬರುವುದು ಬೇರೆ ಎಂದು ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ವಾದಿಸಿದರು. ಮೂಲವ್ಯಾಧಿ, ಭಗಂದರಗಳ ಚಿಕಿತ್ಸೆಯನ್ನು ವಿವರಿಸುವ ಸುಶ್ರುತ ಸಂಹಿತೆಗೆ ಇದು ಮೊದಲೇ ಗೊತ್ತಿತ್ತು. ಶಾಸ್ತ್ರ ಓದಿದ ಶಿಷ್ಯನೂ ಸೋರೆ, ಸೌತೆ, ಕಲ್ಲಂಗಡಿಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕೆಂದು ಅದು ವಿಧಿಸುತ್ತದೆ.

ಲಿಖಿತ ಪರೀಕ್ಷೆ ಅಳೆಯುವುದು ಶಾಸ್ತ್ರವನ್ನು. ಲಾಗ್‌ಬುಕ್ ಎಣಿಸುವುದು ಶಸ್ತ್ರಚಿಕಿತ್ಸೆಗಳನ್ನು. ಒಂದೇ ತಪ್ಪನ್ನು ನೂರು ಸಲ ಮಾಡಿದರೂ ಅಲ್ಲಿ ನೂರೆಂದೇ ದಾಖಲಾಗುತ್ತದೆ.

ಫಲಿತಾಂಶವನ್ನೇ ನೋಡಬಹುದಲ್ಲ? ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಇಡಿಯಾಗಿ ತೆಗೆಯುವ ವಿಧಾನವನ್ನು 1982ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಸ್ಟಾಕ್‌ಹೋಮ್‌ನ ವೈದ್ಯರಿಗೆ ಅದನ್ನು ಕಾರ್ಯಾಗಾರಗಳಲ್ಲಿ ಕಲಿಸಿದ ಮೇಲೆ, ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವ ಪ್ರಮಾಣ ಶೇಕಡಾ 15ರ ಸುಮಾರಿನಿಂದ 6ಕ್ಕೆ ಇಳಿಯಿತು. ತರಬೇತಿಗೆ ಇಷ್ಟು ನಿಚ್ಚಳವಾದ ಸಾಕ್ಷಿ ಸಿಗುವುದು ಅಪರೂಪ. ಆದರೆ ಆ ಅಂಕಿ ಇಡೀ ಪ್ರದೇಶದ್ದು. ಒಬ್ಬ ವೈದ್ಯರ ಕೈಗೆ ಬರುವ ರೋಗಿಗಳು ಕಡಿಮೆ, ಅವರ ಕಾಯಿಲೆಯ ಹಂತವೂ ಬೇರೆಬೇರೆ. ಅದೃಷ್ಟ ಯಾವುದು, ಕೈಚಳಕ ಯಾವುದು ಎಂದು ಬಿಡಿಸಿ ಹೇಳಲಾಗದು.

ಲೀಡ್ಸ್‌ನ ರೋಗಶಾಸ್ತ್ರಜ್ಞ ಫಿಲಿಪ್ ಕ್ವಿರ್ಕ್ ತೋರಿಸಿದ ದಾರಿ ಇದಕ್ಕಿಂತ ಹತ್ತಿರದ್ದು: ಹೊರತೆಗೆದ ಭಾಗವನ್ನೇ ಪರೀಕ್ಷಿಸುವುದು. ಕೊಬ್ಬಿನ ಮೇಲ್ಮೈ ನುಣುಪಾಗಿ ಅಖಂಡವಾಗಿದ್ದರೆ ಕೈ ಸರಿಯಾದ ಪದರದಲ್ಲಿ ಸಾಗಿದೆ. ಕುಳಿಬಿದ್ದು ಗುದನಾಳದ ಸ್ನಾಯು ಕಾಣಿಸಿದರೆ ಹಾದಿ ತಪ್ಪಿದೆ. ಇಲ್ಲಿ ಕೆಲಸವೇ ಸಾಕ್ಷಿ ನುಡಿಯುತ್ತದೆ, ಮಾಡಿದವರ ಹೆಸರು ಬೇಕಿಲ್ಲ. ಇದೇ ರೀತಿ ಇಂಗ್ಲೆಂಡಿನ ಲ್ಯಾಪ್‌ಕೋ ಎಂಬ ಲ್ಯಾಪರೊಸ್ಕೋಪಿ (ಕಿರುರಂಧ್ರ ಶಸ್ತ್ರಚಿಕಿತ್ಸೆ) ತರಬೇತಿ ಯೋಜನೆ ಶಸ್ತ್ರಚಿಕಿತ್ಸೆಗಳ ಸಂಕಲಿಸದ ವೀಡಿಯೊಗಳನ್ನು, ಆ ವೈದ್ಯರಿಗೆ ತರಬೇತಿ ನೀಡದ ಪರಿಣತರಿಂದ ಅಳೆಯಿಸಿತು.

ಪರಿಣತರನ್ನು ಪರಿಣತರೆಂದು ಒಪ್ಪಿದವರಾರು ಎಂಬ ಆಕ್ಷೇಪ ಉಳಿಯುತ್ತದೆ. ಅದು ವಾದಕ್ಕೆ ಗಟ್ಟಿ, ವ್ಯವಹಾರಕ್ಕೆ ಅಷ್ಟಲ್ಲ: ಒಬ್ಬರನ್ನೊಬ್ಬರು ಅರಿಯದ ಪರೀಕ್ಷಕರು ಒಂದೇ ಅಂಕ ಕೊಡುತ್ತಾರೆಯೇ, ಆ ಅಂಕಕ್ಕೆ ರೋಗಿಗಳ ಗತಿ ಹೊಂದುತ್ತದೆಯೇ ಎಂದು ತಾಳೆ ನೋಡಬಹುದು. ನಿಜವಾದ ತೊಡಕು ಕಾಲದ್ದು. ಅರ್ಹತಾಪತ್ರ ಇಂದು ಸಿಗುತ್ತದೆ, ಫಲಿತಾಂಶ ವರ್ಷಗಳ ನಂತರ ತಿಳಿಯುತ್ತದೆ. ನಡುವಿನ ಅಪಾಯ ಹೊರುವವರು ರೋಗಿಗಳು. ಕತ್ತರಿ ಹಿಡಿಯುವವರು ಕಲಿಕೆಯ ಯಾವ ಹಂತದಲ್ಲಿದ್ದಾರೆಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ರೋಗಿಗಳಿಗೆ ತಿಳಿಸಬೇಕು.